ಎಕುವಾ ದಾಡ್ಜಿಯ ಐದನೆಯ ಪರೀಕ್ಷೆ

ಅರಾಬಾ ಕ್ವೇಸನ್ ಬ್ರಿಟಿಷ್ ಪ್ರಜೆಯಾದ ದಿನ ಅವಳ ಕೈಗೆ ಚಹಾದ ಕಪ್ಪು ಕೊಟ್ಟವಳು ಅವಳ ಒಡಹುಟ್ಟಿದ ಅಕ್ಕ.

ಕಾಲ್ಡರ್‌ವಿಕ್ ಪುರಭವನದ ಮೇಲಂತಸ್ತಿನ ಸಭಾಂಗಣದಲ್ಲಿ ಆ ದಿನ ಮೂವತ್ತೊಂದು ಮಂದಿ ರಾಣಿಯ ಪಟದೆದುರು ಸಾಲಾಗಿ ನಿಂತು ನಿಷ್ಠೆಯ ಪ್ರಮಾಣ ಮಾಡಿದ್ದರು. ಕೊರಳಿಗೆ ಚಿನ್ನದ ಸರಪಳಿ ಹಾಕಿಕೊಂಡ ಮೇಯರಮ್ಮ ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆದು, ಕೈ ಕುಲುಕಿ ಪ್ರಮಾಣಪತ್ರ ಕೊಟ್ಟಿದ್ದಳು. ಹಿಂದುಗಡೆ, ಬಿಸ್ಕತ್ತಿನ ತಟ್ಟೆಗಳ ಪಕ್ಕದಲ್ಲಿ, ನೀಲಿ ಮೇಲಂಗಿ ತೊಟ್ಟ ಎಕುವಾ ದಾಡ್ಜಿ ನಿಂತಿದ್ದಳು. ಆ ಸಭಾಂಗಣದ ನೆಲ ಒರೆಸುವವಳು ಅವಳೇ, ಸಮಾರಂಭದ ದಿನ ಚಹಾ ಕೊಡುವವಳೂ ಅವಳೇ. ಪ್ರಮಾಣವಚನ ಓದುತ್ತಿದ್ದಾಗ ಅರಾಬಾ ಯಾಕೋ ಹಿಂತಿರುಗಿ ನೋಡಿದಳು. ಅಕ್ಕನ ತುಟಿಗಳು ಅಲ್ಲಾಡುತ್ತಿದ್ದವು. ಇಡೀ ಸಭೆಯಲ್ಲಿ ಕಾಗದ ನೋಡದೆ ಆ ಪ್ರಮಾಣವನ್ನು ಪೂರ್ತಿ ಹೇಳಬಲ್ಲವಳು ಅವಳೊಬ್ಬಳೇ. ಆದರೆ ಅವಳು ಹೇಳಿದ್ದನ್ನು ಯಾರೂ ಕೇಳಿಸಿಕೊಳ್ಳಬೇಕಾಗಿರಲಿಲ್ಲ.

"ತಗೋಳಮ್ಮ ಬ್ರಿಟಿಷ್ ದೊರೆಸಾನಿ," ಎಂದು ಎಕುವಾ ಕಪ್ಪು ಚಾಚಿದಳು. "ಸಕ್ಕರೆ ಎರಡು ಚಮಚ ಹಾಕಿದೀನಿ. ಇನ್ಮೇಲೆ ಒಂದೇ ಸಾಕೋ ಏನೋ. ನಿಮ್ಮೋರು ಸಪ್ಪೆ ಕುಡೀತಾರಲ್ಲ."

ಪಕ್ಕದಲ್ಲಿದ್ದವರೆಲ್ಲ ನಕ್ಕರು. ಅರಾಬಾಳೂ ನಕ್ಕಳು. ಆದರೆ ಕಪ್ಪನ್ನು ತುಟಿಗೆ ತಾಗಿಸದೆ ಬಿಸ್ಕತ್ತಿನ ತಟ್ಟೆಯ ಪಕ್ಕಕ್ಕೆ ಇಟ್ಟಳು.

ತವರೂರು ಅನೋಮಾಬೋದ ಕಡಲ ತೀರದಲ್ಲಿ ಮೀನು ಹೊಗೆ ಹಾಕಿ ಮಾರಿ ತಂಗಿಯನ್ನು ಓದಿಸಿದವಳು ಎಕುವಾ. ತಾಯಿ ಸತ್ತಾಗ ಅರಾಬಾಳಿಗೆ ಮೂರು ವರ್ಷ, ಎಕುವಾಳಿಗೆ ಹದಿನಾರು. ತಂಗಿಯ ಶಾಲೆಯ ಸಮವಸ್ತ್ರ, ಪುಸ್ತಕ, ಆಮೇಲೆ ಶಿಕ್ಷಕರ ತರಬೇತಿ, ಎಲ್ಲವೂ ಆ ಹೊಗೆಯಿಂದಲೇ ಬಂದದ್ದು. ಮದುವೆಯಾಗಿ ಗಂಡನ ಜೊತೆ ಇಂಗ್ಲೆಂಡಿಗೆ ಬಂದ ಎಕುವಾ, ಗಂಡ ತೀರಿಕೊಂಡ ಮೇಲೆ ತಂಗಿಯನ್ನೂ ಇಲ್ಲಿಗೆ ಕರೆಸಿಕೊಂಡಿದ್ದಳು. ಕೇಪ್ ಕೋಸ್ಟಿನ ಪ್ರೌಢಶಾಲೆಯಲ್ಲಿ ಹದಿನಾಲ್ಕು ವರ್ಷ ಇತಿಹಾಸ ಪಾಠ ಹೇಳಿದ್ದ ಅರಾಬಾ, ಕಾಲ್ಡರ್‌ವಿಕ್‌ನ ಪ್ರಾಥಮಿಕ ಶಾಲೆಯೊಂದರ ಊಟದ ಮನೆಯಲ್ಲಿ ಮಕ್ಕಳ ತಟ್ಟೆಗೆ ಕಸ್ಟರ್ಡ್ ಬಡಿಸುತ್ತಿದ್ದಳು. ಪ್ರಜೆಯಾಗಬೇಕೆನ್ನುವವರಿಗಾಗಿ ಸರಕಾರ ಇಟ್ಟಿರುವ ಪರೀಕ್ಷೆಯನ್ನು ಅವಳು ಹದಿನೈದು ನಿಮಿಷದಲ್ಲಿ ಮುಗಿಸಿ ಎದ್ದು ಬಂದಿದ್ದಳು. ಕೊಟ್ಟ ಹೊತ್ತು ಮುಕ್ಕಾಲು ಗಂಟೆ.

ತಂಗಿಯ ಸಮಾರಂಭ ಮುಗಿದ ಮುಂದಿನ ವಾರವೇ ಎಕುವಾ ಹೇಳಿದಳು, "ನಾನೂ ಆ ಕಡೆ ನಿಂತ್ಕೋಬೇಕು ಕಣೇ. ಒಂದು ದಿನ. ಮೇಯರು ನನ್ನ ಹೆಸರನ್ನ ತಪ್ಪುತಪ್ಪಾಗಿ ಕರೀಬೇಕು. ಮಾರನೇ ದಿನ ಬೇಕಾದ್ರೆ ನಾನೇ ಬಂದು ನೆಲ ಒರೆಸ್ತೀನಿ."

ಬೇಕಾಗಿದ್ದದ್ದು ಎರಡು. ಒಂದು, ಇಂಗ್ಲಿಷ್ ಮಾತಾಡಲು ಬರುತ್ತದೆಂಬ ಪ್ರಮಾಣ. ಅದು ತೊಂದರೆಯೇ ಆಗಲಿಲ್ಲ. ಮಾತಿನಲ್ಲಿ ಎಕುವಾಳನ್ನು ಮೀರಿಸಿದವರನ್ನು ಅನೋಮಾಬೋವಾಗಲಿ ಕಾಲ್ಡರ್‌ವಿಕ್ ಆಗಲಿ ಕಂಡಿರಲಿಲ್ಲ. ಹತ್ತು ನಿಮಿಷ ಮಾತಾಡಿಸಬೇಕಾಗಿದ್ದ ಪರೀಕ್ಷಕಿ ಅರ್ಧ ಗಂಟೆ ಕೂರಿಸಿಕೊಂಡು, ಹೊಗೆ ಮೀನಿನ ಸಾರು ಮಾಡುವುದು ಹೇಗೆಂದು ಬರೆದುಕೊಂಡು ಕಳಿಸಿದ್ದಳು. ಎರಡನೆಯದು ಬ್ರಿಟನ್ನಿನ ಇತಿಹಾಸ, ಆಚಾರ, ಕಾಯಿದೆಗಳ ಪರೀಕ್ಷೆ. ಇಪ್ಪತ್ತನಾಲ್ಕು ಪ್ರಶ್ನೆ. ಹದಿನೆಂಟು ಸರಿಯಾಗಬೇಕು.

ಎಕುವಾ ನಾಲ್ಕು ಸಲ ಕೂತಳು. ನಾಲ್ಕು ಸಲವೂ ನಪಾಸಾದಳು.

ಅವಳು ಓದಲಿಲ್ಲವೆಂದಲ್ಲ. ಕೆಲಸ ಮುಗಿಸಿ ಬಂದು, ಮೇಲಂಗಿ ಬಿಚ್ಚದೆ ಅಡುಗೆಮನೆಯ ಮೇಜಿನೆದುರು ಪುಸ್ತಕ ತೆರೆದು ಕೂರುತ್ತಿದ್ದಳು. ಅರಾಬಾ ಎದುರಿಗೆ ಕೂತು ಪ್ರಶ್ನೆ ಕೇಳುತ್ತಿದ್ದಳು. ಹೇಸ್ಟಿಂಗ್ಸ್ ಕದನ ಯಾವ ವರ್ಷ? ಎಕುವಾಳಿಗೆ ಗೊತ್ತಿಲ್ಲ. ಸ್ಕಾಟ್‌ಲೆಂಡಿನ ಕೋರ್ಟಿನಲ್ಲಿ ತೀರ್ಪು ಹೇಳುವ ಪಂಚರು ಎಷ್ಟು ಜನ? ಹನ್ನೆರಡು. ಅಲ್ಲ ಅಕ್ಕಾ, ಹದಿನೈದು. ನಿನ್ನೆ ತಾನೇ ಹೇಳಿದ್ದೆನಲ್ಲ. ನಿನ್ನೆ ಹೇಳಿದ್ದು ಇವತ್ತಿಗೆ ಹೋಗಿರುತ್ತಿತ್ತು. ಅದೇ ಎಕುವಾಳಿಗೆ ಪುರಭವನದಲ್ಲಿ ನಡೆಯುವ ಚುನಾವಣೆಯ ಎಣಿಕೆ ಎಷ್ಟು ಹೊತ್ತಿಗೆ ಮುಗಿಯುತ್ತದೆ, ಸೋತವನು ಯಾವ ಬಾಗಿಲಿನಿಂದ ಹೊರಗೆ ಹೋಗುತ್ತಾನೆ, ಕೌನ್ಸಿಲಿನ ಯಾವ ಸದಸ್ಯನಿಗೆ ಯಾವನ ಮುಖ ಕಂಡರಾಗದು, ಎಲ್ಲ ಗೊತ್ತಿತ್ತು. ಆದರೆ ಅದನ್ನು ಯಾರೂ ಕೇಳುತ್ತಿರಲಿಲ್ಲ.

"ಆ ರಾಜನ ಆರು ಹೆಂಡ್ತೀರಲ್ಲಿ ಯಾರಿಗೆ ತಲೆ ಹೋಯ್ತು, ಯಾರಿಗೆ ಉಳೀತು ಅಂತ ನೆನಪಿಟ್ಕೊಂಡ್ರೆ ನಾನು ಒಳ್ಳೇ ಪ್ರಜೆ ಆಗ್ತೀನಾ?" ಎಂದು ಎಕುವಾ ಒಂದು ಸಂಜೆ ಪುಸ್ತಕ ಮುಚ್ಚಿದಳು. "ಅಂಥವನ ಮನೆಗೆ ನಮ್ಮೂರಲ್ಲಿ ಹೆಣ್ಣೇ ಕೊಡ್ತಿರ್ಲಿಲ್ಲ."

"ನಗಬೇಡ ಅಕ್ಕಾ!" ಅರಾಬಾ ಮೇಜಿಗೆ ಕೈ ಬಡಿದಳು. "ಒಂದು ಸಾಲು, ಒಂದೇ ಒಂದು ಸಾಲು ನೆಟ್ಟಗೆ ತಲೇಲಿಟ್ಕೊಳಕ್ಕಾಗಲ್ವಾ ನಿಂಗೆ? ಇದೇ ಪಾಠಾನ ನಾನು ಒಂದು ಕ್ಲಾಸಿಗೆ ಅರವತ್ತು ಮಕ್ಕಳನ್ನ ಕೂರಿಸ್ಕೊಂಡು ಹೇಳ್ಕೊಟ್ಟೆ. ದಡ್ಡರೂ ಪಾಸಾದ್ರು."

ಎಕುವಾ ಪುಸ್ತಕವನ್ನು ಪಕ್ಕಕ್ಕೆ ಸರಿಸಿದಳು. ಎದ್ದು ಹೋಗಿ ತಟ್ಟೆ ತೊಳೆಯತೊಡಗಿದಳು. ಅವಳು ಮಾತಿಲ್ಲದೆ ತಟ್ಟೆ ತೊಳೆದದ್ದನ್ನು ಅರಾಬಾ ಅದೇ ಮೊದಲು ನೋಡಿದ್ದು. ಆ ಬೆನ್ನನ್ನು ನೋಡುತ್ತ ಕೂತಿದ್ದಾಗಲೇ ಅವಳಿಗೆ ಆ ಯೋಚನೆ ಬಂತು. ಬಂದಾಗ ಅದು ಅಪರಾಧದಂತೆ ಕಾಣಲಿಲ್ಲ. ಲೆಕ್ಕ ತಪ್ಪಾಗಿ ಬಿದ್ದದ್ದನ್ನು ಸರಿಪಡಿಸಿದಂತೆ ಕಂಡಿತು. ಒಬ್ಬಳಿಗೆ ಪಾಠ ಬರುತ್ತದೆ, ಅದರಿಂದ ಆಗಬೇಕಾದ್ದೇನೂ ಉಳಿದಿಲ್ಲ. ಇನ್ನೊಬ್ಬಳಿಗೆ ಎಲ್ಲ ಅರ್ಹತೆಯೂ ಇದೆ, ಪಾಠ ಬರುವುದಿಲ್ಲ. ಇಬ್ಬರಿಗೂ ಇರುವುದು ಒಂದೇ ಮುಖ.

ಒಂದೇ ಮುಖ ಎಂಬುದು ಮುಖ್ಯ. ಎಕುವಾಳ ಪಾಸ್‌ಪೋರ್ಟ್ ತೆಗೆದು ಅರಾಬಾ ಕನ್ನಡಿಯ ಮುಂದೆ ನಿಂತಳು. ಚಿತ್ರ ತೆಗೆಸಿ ಒಂಬತ್ತು ವರ್ಷವಾಗಿತ್ತು. ಅದರಲ್ಲಿದ್ದ ಎಕುವಾ ಈಗಿನ ಅರಾಬಾಳಿಗಿಂತ ತುಸು ದಪ್ಪ, ಅಷ್ಟೇ. ಅದೇ ಅಗಲ ಹಣೆ, ಅದೇ ದವಡೆ, ಮುಂದಿನ ಹಲ್ಲುಗಳ ನಡುವೆ ಅದೇ ಸಂದಿ. ಸಿಂಕಿನ ಕಡೆ ತಿರುಗಿ ನಿಂತಿರುವ ಈಗಿನ ಎಕುವಾಳಿಗಿಂತ ಆ ಚಿತ್ರ ತನಗೇ ಹೆಚ್ಚು ಹೋಲುತ್ತದೆ ಎಂದು ಅವಳು ಸಮಾಧಾನಪಟ್ಟುಕೊಂಡಳು.

ವ್ಯತ್ಯಾಸ ಒಂದೇ. ಎಕುವಾಳ ಎಡಹುಬ್ಬಿನಲ್ಲಿ ಒಂದು ಸೀಳು. ಚಿಕ್ಕವಳಿದ್ದಾಗ ದೋಣಿಯ ಅಂಚಿಗೆ ಬಿದ್ದು ಆದದ್ದು. ಅರಾಬಾ ಬ್ಲೇಡಿನಿಂದ ತನ್ನ ಹುಬ್ಬಿನ ಅದೇ ಜಾಗದಲ್ಲಿ ಒಂದು ಗೆರೆ ಕೂದಲು ತೆಗೆದು ನೋಡಿದಳು. ಮೊದಲನೆಯ ಸಲ ಗೆರೆ ಅಗಲವಾಯಿತು. ಬೆಳೆಯುವವರೆಗೆ ಮೂರು ತಿಂಗಳು ಕಾದಳು. ಎರಡನೆಯ ಸಲ ಸರಿಯಾಯಿತು. ಎಕುವಾ ಭಾನುವಾರ ಚರ್ಚಿಗೆ ಹಾಕಿಕೊಳ್ಳುವ, ಅಲ್ಲಲ್ಲಿ ನರೆಯಿದ್ದ ವಿಗ್ ಹೇಗೂ ಇತ್ತು. ಎಕುವಾಳ ಕನ್ನಡಕ ಹಾಕಿಕೊಂಡರೆ ಅರಾಬಾಳಿಗೆ ಕಣ್ಣು ಮಂಜಾಗುತ್ತಿತ್ತು, ಆದ್ದರಿಂದ ಅದೇ ಬಗೆಯ ಚೌಕಟ್ಟಿನದೊಂದನ್ನು ಸಂತೆಯಲ್ಲಿ ಹುಡುಕಿ ತಂದಳು. ಸಹಿ ಕಲಿಯಲು ಎರಡು ಸಂಜೆ ಸಾಕಾಯಿತು. ಎಕುವಾ ತನ್ನ ಹೆಸರಿನ ಕೊನೆಯ ಅಕ್ಷರಕ್ಕೆ ಮೀನಿನ ಬಾಲದಂತೆ ಒಂದು ಎಳೆ ಎಳೆಯುತ್ತಿದ್ದಳು. ಹುಟ್ಟಿದ ದಿನ, ಹಳೆಯ ಮತ್ತು ಹೊಸ ವಿಳಾಸ, ಪಾಸ್‌ಪೋರ್ಟಿನ ಸಂಖ್ಯೆ, ಇವನ್ನೆಲ್ಲ ಅರಾಬಾ ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುವಂತೆ ಬಾಯಿಪಾಠ ಮಾಡಿದಳು. ಬಾಯಿಪಾಠ ಮಾಡುವುದು ಅವಳಿಗೆ ಬಾಲ್ಯದಿಂದಲೂ ಸುಲಭ.

ಜಾಗವನ್ನು ಅವಳು ಬಹಳ ಯೋಚಿಸಿ ಆರಿಸಿದಳು. ನಾಲ್ಕು ಸಲವೂ ಎಕುವಾ ಲೀಡ್ಸ್‌ಗೆ ಹೋಗಿದ್ದಳು, ಮೂರನೆಯ ಸಲ ಅಲ್ಲಿಯ ಸಿಬ್ಬಂದಿಗೆಂದು ಮನೆಯಲ್ಲಿ ಕರಿದ ಸಿಹಿ ಬೋಂಡ ಬೇರೆ ಕಟ್ಟಿಕೊಂಡು ಹೋಗಿದ್ದಳು. ಅಲ್ಲಿ ಅವಳನ್ನು ಮರೆಯುವವರು ಯಾರೂ ಇರಲಾರರು. ಆದ್ದರಿಂದ ಹಲ್ ಎಂಬ ಊರು. ರೈಲಿನಲ್ಲಿ ದೂರ, ಸಮುದ್ರದ ಕಡೆಯ ಊರು, ಪರಿಚಯದವರು ಒಬ್ಬರೂ ಇಲ್ಲ. ದಿನವನ್ನೂ ಹಾಗೆಯೇ ಆರಿಸಿದಳು. ಫೆಬ್ರವರಿಯ ನಡುವಿನ ಶಾಲಾ ರಜೆಯ ಬುಧವಾರ. ಊಟದ ಮನೆ ಮುಚ್ಚಿರುತ್ತದೆ, ಅವಳು ಎಲ್ಲಿದ್ದಾಳೆಂದು ಯಾರೂ ಕೇಳುವುದಿಲ್ಲ. ಎಕುವಾ ಆ ದಿನ ನೆಗಡಿಯೆಂದು ಕೆಲಸಕ್ಕೆ ತಿಳಿಸಿ, ಪರದೆ ಎಳೆದು ಮನೆಯಲ್ಲೇ ಇರಬೇಕು. ಯಾರು ಬಾಗಿಲು ಬಡಿದರೂ ತೆಗೆಯಕೂಡದು.

ಎಲ್ಲ ಸಿದ್ಧವಾದ ಮೇಲೆ ಉಳಿದದ್ದು ಎಕುವಾಳನ್ನು ಒಪ್ಪಿಸುವುದು. ಅದನ್ನು ಅರಾಬಾ ಕೊನೆಗೆ ಇಟ್ಟುಕೊಂಡಿದ್ದಳು.

ಒಂದು ಶನಿವಾರ ಮಧ್ಯಾಹ್ನ ಜೋಳದ ಹುಳಿಹಿಟ್ಟಿನ ಕೆಂಕಿ ಮುದ್ದೆಯನ್ನೂ ಹುರಿದ ಮೀನನ್ನೂ ಬಡಿಸಿ ಅವಳು ವಿಷಯ ತೆಗೆದಳು. ಎಕುವಾ ಕೇಳುತ್ತ ಕೇಳುತ್ತ ತಿನ್ನುವುದನ್ನು ನಿಲ್ಲಿಸಿದಳು.

"ಕಳ್ಳತನದಿಂದ ಒಳಗೆ ಹೋಗಿ, ದೇವರ ಹೆಸರು ಹೇಳಿ ಪ್ರಮಾಣ ಮಾಡ್ಲಾ?"

"ಕಳ್ಳತನ ಏನು ಬಂತು ಅಕ್ಕಾ? ಯಾರದ್ದನ್ನ ಕಿತ್ಕೊಳ್ತಿದೀವಿ? ನೀನು ಈ ಊರಿಗೆ ಇಪ್ಪತ್ತೆರಡು ವರ್ಷ ದುಡಿದಿಲ್ವಾ? ಒಂದು ದಿನ ತಡವಾಗಿ ಹೋಗಿದೀಯಾ?"

"ಒಂದ್ಸಲ. ಹಿಮ ಬಿದ್ದಿತ್ತು."

"ನೋಡು. ನಮ್ಮೂರ ಕೋಟೆ ಕಟ್ಟಿದ ಇವರ ತಾತಂದಿರು ಯಾವ ಪರೀಕ್ಷೆ ಬರೆದು ಬಂದಿದ್ರು? ಅವರನ್ನ ಯಾರಾದ್ರೂ ಕೇಳಿದ್ರಾ, ನಮ್ಮ ರಾಜನ ಹೆಸರೇನು, ನಮ್ಮ ಹಬ್ಬ ಯಾವ ತಿಂಗಳು ಅಂತ?"

"ಅವರು ಮಾಡಿದ್ದು ಸರಿ ಅಂತ ನಾನ್ಯಾವಾಗ ಹೇಳ್ದೆ?" ಎಂದಳು ಎಕುವಾ. ನೀರಿನ ಲೋಟ ಎಳೆದುಕೊಂಡು, "ಇನ್ನೊಂದ್ಸಲ ನಾನೇ ಕೂತ್ಕೋತೀನಿ ಕಣೇ ಅರಾಬಾ. ಈ ಸಲ ಬರುತ್ತೆ," ಎಂದಳು.

"ಬರಲ್ಲ ಅಕ್ಕಾ," ಎಂದಳು ಅರಾಬಾ. ತಾನು ಹೇಳಿದ ರೀತಿ ತನಗೇ ಕೇಳಿಸಿತು. ಕೇಪ್ ಕೋಸ್ಟಿನಲ್ಲಿ ಹಿಂದಿನ ಬೆಂಚಿನವರಿಗೆ ಹೇಳುತ್ತಿದ್ದ ದನಿ ಅದು. ಎಕುವಾ ತಲೆ ತಗ್ಗಿಸಿ ಮೀನಿನ ಮುಳ್ಳನ್ನು ತಟ್ಟೆಯಂಚಿಗೆ ಒಂದೊಂದಾಗಿ ಜೋಡಿಸಿಟ್ಟಳು. ಕೊನೆಗೆ, "ನೀನು ಓದಿದೋಳು. ನಿಂಗೆ ಗೊತ್ತಿರುತ್ತೆ," ಎಂದಳು. ಅರಾಬಾ ಅದನ್ನು ಒಪ್ಪಿಗೆ ಎಂದು ತೆಗೆದುಕೊಂಡಳು.

ಆ ಬುಧವಾರ ಎಲ್ಲವೂ ಅವಳು ಬರೆದಿಟ್ಟಂತೆಯೇ ನಡೆಯಿತು. ತನ್ನ ಫೋನನ್ನು ಮನೆಯಲ್ಲೇ ಬಿಟ್ಟಳು. ಬೀದಿಯ ಮೂಲೆಯಲ್ಲೇ ಬಸ್ಸು ಹತ್ತಿದರೆ ಗುರುತಿನವರು ಸಿಗಬಹುದೆಂದು ಎರಡು ನಿಲ್ದಾಣ ಆಚೆಗೆ ನಡೆದು ಹೋದಳು. ರೈಲಿನ ಶೌಚಾಲಯದಲ್ಲಿ ವಿಗ್ ಹಾಕಿಕೊಂಡು, ಕನ್ನಡಕ ಏರಿಸಿ, ಹೊರಗೆ ಬರುವಾಗ ಎಕುವಾಳಂತೆ ಸೊಂಟದ ಮೇಲೆ ಕೈಯಿಟ್ಟು ತುಸು ವಾಲಿ ನಡೆದಳು. ನಾಲ್ಕು ಸೀಟು ದಾಟುವಷ್ಟರಲ್ಲಿ ಒಬ್ಬ ತರುಣ ಎದ್ದು ಜಾಗ ಕೊಟ್ಟ. ಅವಳಿಗೆ ಅದು ಮೊದಲನೆಯ ಗೆಲುವು.

ಪರೀಕ್ಷಾ ಕೇಂದ್ರದಲ್ಲಿ ಗಡ್ಡದ ಯುವಕನೊಬ್ಬ ಪಾಸ್‌ಪೋರ್ಟ್ ತೆಗೆದುಕೊಂಡು ಚಿತ್ರ ನೋಡಿದ, ಮುಖ ನೋಡಿದ, ಮತ್ತೆ ಚಿತ್ರ ನೋಡಿದ. ಕಿವಿಯಲ್ಲಿ ಏನೂ ಇಲ್ಲವೆಂದು ತೋರಿಸಲು ಹೇಳಿದ. ತೋಳು ಮಡಿಸಲು ಹೇಳಿದ. ವಿಳಾಸ ಕೇಳಿದ. ಅರಾಬಾ ಅಕ್ಕನ ದನಿಯಲ್ಲಿ, ಅಕ್ಕನಂತೆ ಕೇಳಿದ್ದಕ್ಕಿಂತ ಎರಡು ಮಾತು ಹೆಚ್ಚೇ ಸೇರಿಸಿ, ಇದು ಐದನೆಯ ಸಲವೆಂದೂ ಹೇಳಿದಳು.

"ಗಾಬರಿ ಮಾಡ್ಕೋಬೇಡಿ ಅಮ್ಮಾ," ಎಂದ ಅವನು. "ಬೇಕಾದಷ್ಟು ಟೈಮ್ ಇದೆ."

"ಗಾಬರಿ ಏನಪ್ಪಾ, ನನ್ನ ಕನ್ನಡಕದ್ದೇ ಯೋಚ್ನೆ," ಎಂದಳು ಅರಾಬಾ. ಅವನು ನಕ್ಕು ಕುರ್ಚಿ ಎಳೆದು ಕೊಟ್ಟ.

ಪ್ರಶ್ನೆಗಳು ಒಂದೊಂದಾಗಿ ತೆರೆಯ ಮೇಲೆ ಬಂದವು. ಎಲ್ಲವನ್ನೂ ಸರಿ ಮಾಡಕೂಡದೆಂದು ಅವಳು ಮೊದಲೇ ತೀರ್ಮಾನಿಸಿದ್ದಳು. ನಾಲ್ಕು ಸಲ ನಪಾಸಾದವಳು ಐದನೆಯ ಸಲ ಒಂದೂ ತಪ್ಪಿಲ್ಲದೆ ಬರೆದರೆ ಎಲ್ಲೋ ಒಂದು ಕಂಪ್ಯೂಟರು ಹುಬ್ಬೇರಿಸಬಹುದು. ನಾಲ್ಕು ತಪ್ಪು ಮಾಡಬೇಕು, ಅದೂ ಎಕುವಾ ಮಾಡುವಂಥ ತಪ್ಪು. ವೇಲ್ಸಿನ ಸಂತನ ಬದಲು ಐರ್ಲೆಂಡಿನ ಸಂತನನ್ನು ಆರಿಸಿದಳು. ಕ್ರಿಕೆಟ್ಟಿನ ಪ್ರಶ್ನೆಯೊಂದನ್ನು ಕೆಡಿಸಿದಳು. ಪಂಚರ ಸಂಖ್ಯೆ ಬಂದಾಗ, ಅಕ್ಕನ ನೆನಪಿಗೆಂಬಂತೆ, ಹನ್ನೆರಡಕ್ಕೇ ಒತ್ತಿದಳು.

ನಾಲ್ಕನೆಯ ತಪ್ಪಿಗೆ ಸಿಕ್ಕ ಪ್ರಶ್ನೆ ಬ್ರಿಟನ್ ಗುಲಾಮರ ವ್ಯಾಪಾರವನ್ನು ನಿಷೇಧಿಸಿದ ವರ್ಷದ್ದು. ಅವಳ ಕೈ ತಪ್ಪು ಉತ್ತರದ ಮೇಲೆ ಹೋಗಿ ನಿಂತಿತು. ಕೇಪ್ ಕೋಸ್ಟಿನ ಕೋಟೆಗೆ ಪ್ರತಿ ವರ್ಷ ಮಕ್ಕಳನ್ನು ಕರೆದುಕೊಂಡು ಹೋಗಿ, ಗುಲಾಮರನ್ನು ಹಡಗಿಗೆ ಸಾಗಿಸುತ್ತಿದ್ದ, ಕಡಲ ಕಡೆ ತೆರೆಯುವ ಆ ಕಿರಿದಾದ ಬಾಗಿಲಿನ ಮುಂದೆ ನಿಲ್ಲಿಸಿ ಇದೇ ವರ್ಷವನ್ನು ಹೇಳುತ್ತಿದ್ದಳು ಅವಳು. ಹಿಂದಿನ ಸಾಲಿನ ತುಂಟರೂ ಅಲ್ಲಿ ಸುಮ್ಮನಾಗುತ್ತಿದ್ದರು. ಇಲ್ಲಿ ಅದು ನಾಲ್ಕು ಚೌಕಗಳಲ್ಲಿ ಒಂದು ಚೌಕ. ತಪ್ಪು ಒತ್ತಲು ಅವಳಿಂದಾಗಲಿಲ್ಲ. ೧೮೦೭ನ್ನೇ ಒತ್ತಿದಳು. ಮೂರು ತಪ್ಪು ಸಾಕು ಎಂದುಕೊಂಡಳು. ಯೋಜನೆಯಿಂದ ಅವಳು ಬೇಕೆಂದೇ ಸರಿದದ್ದು ಅದೊಂದೇ ಸಲ. ಅದರಿಂದ ಯಾವ ಕೇಡೂ ಆಗಲಿಲ್ಲ.

ಗಡ್ಡದ ಯುವಕ ತೇರ್ಗಡೆಯ ಪತ್ರ ತಂದು ಕೈಗಿಟ್ಟ. "ಕೊನೆಗೂ ಆಯ್ತಲ್ಲಮ್ಮ! ಮನೇಲಿ ಎಲ್ಲರಿಗೂ ಖುಷಿ ಆಗುತ್ತೆ ಇವತ್ತು."

ಮನೆಯಲ್ಲಿದ್ದದ್ದು ಎಕುವಾ ಒಬ್ಬಳೇ. ಅವಳು ಪರದೆ ಎಳೆದ ಕೋಣೆಯಲ್ಲಿ ಇಡೀ ದಿನ ಬಟ್ಟೆ ಇಸ್ತ್ರಿ ಮಾಡಿದ್ದಳು. ಇಸ್ತ್ರಿ ಬೇಡದ ಬಟ್ಟೆಗಳೂ ಮಡಿಕೆಯಾಗಿ ಕೂತಿದ್ದವು. ಪತ್ರವನ್ನು ಎರಡೂ ಕೈಯಲ್ಲಿ ಹಿಡಿದು, ದೀಪದ ಹತ್ತಿರ ತೆಗೆದುಕೊಂಡು ಹೋಗಿ ತನ್ನ ಹೆಸರನ್ನು ಓದಿದಳು.

"ನನ್ನ ಹೆಸರು ಚೆನ್ನಾಗಿ ಹೊಡ್ದಿದಾರೆ," ಎಂದಳು. ಪತ್ರವನ್ನು ಮೇಜಿನ ಮೇಲಿಟ್ಟು ಮತ್ತೆ ಇಸ್ತ್ರಿಪೆಟ್ಟಿಗೆ ಕೈಗೆತ್ತಿಕೊಂಡಳು.

ಅರಾಬಾಳಿಗೆ ರೇಗಿತು. ಇಷ್ಟು ಮಾಡಿದ್ದಕ್ಕೆ ಒಂದು ನಗು ಇಲ್ಲವೇ? ಹುಬ್ಬು ಬೋಳಿಸಿಕೊಂಡು, ಕಂಡವರಿಗೆಲ್ಲ ಸುಳ್ಳು ಹೇಳಿ, ಒಂದು ತಪ್ಪು ಹೆಜ್ಜೆಗೆ ತನ್ನ ಸ್ವಂತ ಬದುಕನ್ನೇ ಒತ್ತೆಯಿಟ್ಟು ಬಂದವಳು ತಾನು. ಸಿಕ್ಕಿಬಿದ್ದರೆ ಊಟದ ಮನೆಯ ಕೆಲಸ ಹೋಗುತ್ತಿತ್ತು, ಜೈಲೂ ಆಗಬಹುದಿತ್ತು. ಆದರೆ ಸಿಟ್ಟನ್ನು ನುಂಗಿಕೊಂಡಳು. ಕೆಲಸ ಇನ್ನೂ ಮುಗಿದಿರಲಿಲ್ಲ.

ಅರ್ಜಿಯನ್ನು ಕಳಿಸುವ ಮೊದಲು ಪುರಭವನದಲ್ಲೇ ಒಬ್ಬ ಅಧಿಕಾರಿ ಅರ್ಜಿದಾರರನ್ನು ಎದುರಿಗೆ ಕೂರಿಸಿಕೊಂಡು ಕಾಗದಪತ್ರಗಳನ್ನೆಲ್ಲ ಪರಿಶೀಲಿಸುತ್ತಿದ್ದರು. ಹೆಸರು ಅಕ್ರಾಯ್ಡ್. ಪ್ರಜೆಗಳ ಸಮಾರಂಭಗಳನ್ನು ನಡೆಸುವವರೂ ಅವರೇ. ಎಕುವಾಳನ್ನು ಇಪ್ಪತ್ತು ವರ್ಷದಿಂದ ಬಲ್ಲವರು. ಅವರ ಮೊಣಕಾಲು ನೋವಿಗೆ ಎಕುವಾ ಶುಂಠಿಯ ಎಣ್ಣೆ ಮಾಡಿ ಕೊಡುತ್ತಿದ್ದಳು. ಪರಿಚಯದವರು ಎಂಬುದು ಅನುಕೂಲವೂ ಹೌದು, ಅಪಾಯವೂ ಹೌದು ಎಂದು ಅರಾಬಾ ಲೆಕ್ಕ ಹಾಕಿದಳು. ಅವರು ಅನುಮಾನಿಸಲಾರರು, ಆದರೆ ಸಲಿಗೆಯಿಂದ ಏನಾದರೂ ಕೇಳಬಹುದು. ಹಾಗಾಗಿ ಎರಡು ತಿಂಗಳು ಕಾದಳು. ಆ ಎರಡು ತಿಂಗಳೂ ಅಡುಗೆಮನೆಯ ಮೇಜಿನಲ್ಲಿ ಮತ್ತೆ ಪಾಠ ನಡೆಯಿತು. ಈ ಸಲ ರಾಜರದ್ದಲ್ಲ, ಹಲ್ ಊರಿನದ್ದು.

"ಕೇಂದ್ರದ ಬಾಗಿಲು ಯಾವ ಬಣ್ಣ?"

"ಹಸಿರು."

"ಒಳಗೆ ಯಾರಿದ್ರು?"

"ಗಡ್ಡದ ಹುಡುಗ. ಒಳ್ಳೇ ಹುಡುಗ. ಕುರ್ಚಿ ಎಳೆದು ಕೊಟ್ಟ."

"ಒಳ್ಳೇ ಹುಡುಗ ಅಂತೆಲ್ಲ ಬೇಡ. ಗಡ್ಡದ ಹುಡುಗ, ಅಷ್ಟೇ. ಯಾಕೆ ಲೀಡ್ಸ್ ಬಿಟ್ಟು ಹಲ್‌ಗೆ ಹೋದೆ?"

"ಲೀಡ್ಸ್ ನಂಗೆ ಆಗಿಬರಲಿಲ್ಲ, ಅದಕ್ಕೆ."

"ಸರಿ. ಆ ದಿನ ಹವೆ ಹೇಗಿತ್ತು?"

"ಗಾಳಿ. ಅರಾಬಾ, ನಂಗೆ ಅಕ್ರಾಯ್ಡ್ ಸಾಹೇಬ್ರ ಮುಂದೆ ಸುಳ್ಳು ಹೇಳಕ್ಕೆ ಕಷ್ಟ ಆಗುತ್ತೆ ಕಣೇ."

"ಸುಳ್ಳು ಹೇಳ್ಬೇಡ. ಕೇಳಿದ್ದಕ್ಕೆ ಮಾತ್ರ ಉತ್ತರ ಹೇಳು. ಕೇಳ್ದೆ ಇದ್ರೆ ಬಾಯೇ ತೆಗೀಬೇಡ. ಆಗುತ್ತಾ ನಿನ್ನ ಕೈಲಿ?"

"ಅದು ಆ ಆರು ಹೆಂಡ್ತೀರಿಗಿಂತ ಕಷ್ಟ," ಎಂದಳು ಎಕುವಾ.

ವಿಚಿತ್ರವೆಂದರೆ ಈ ಪಾಠವನ್ನು ಅವಳು ಒಂದಕ್ಷರ ತಪ್ಪದೆ ಕಲಿತಳು. ಏಪ್ರಿಲ್ ಬರುವಷ್ಟರಲ್ಲಿ, ತಾನು ಕಾಲಿಡದ ಊರಿನ ನಿಲ್ದಾಣದಿಂದ ತಾನು ಕಾಣದ ಹಸಿರು ಬಾಗಿಲಿನವರೆಗೆ ಕಣ್ಣು ಮುಚ್ಚಿ ನಡೆದು ಹೋಗಬಲ್ಲವಳಾಗಿದ್ದಳು. ಅರಾಬಾ ಬೇರೆ ಬೇರೆ ಕಡೆಯಿಂದ ಕೇಳಿದಳು, ಗದರಿಸಿ ಕೇಳಿದಳು, ಅನುಮಾನದ ಮುಖ ಮಾಡಿಕೊಂಡು ಕೇಳಿದಳು. ಎಲ್ಲಿಯೂ ಬಿರುಕಿರಲಿಲ್ಲ. ನನ್ನ ಅಕ್ಕ ದಡ್ಡಿಯಲ್ಲ, ಕೇಳಬೇಕಾದ್ದನ್ನು ಯಾರೂ ಕೇಳಿರಲಿಲ್ಲ ಅಷ್ಟೇ ಎಂದು ಅವಳಿಗೆ ಮೊದಲ ಬಾರಿಗೆ ಅನ್ನಿಸಿತು. ಅನ್ನಿಸಿದ್ದನ್ನು ಹೇಳಲು ಹೋಗಲಿಲ್ಲ.

ಗೊತ್ತುಪಡಿಸಿದ ದಿನ ಅಕ್ಕತಂಗಿಯರು ಅಕ್ರಾಯ್ಡ್‌ರ ಕೋಣೆಗೆ ಹೋದರು. ಎಕುವಾ ಮೇಲಂಗಿಯಿಲ್ಲದೆ, ಚರ್ಚಿನ ಉಡುಪಿನಲ್ಲಿ ಪುರಭವನದ ಮುಂಬಾಗಿಲಿನಿಂದ ಒಳಗೆ ಬಂದದ್ದು ಅದೇ ಮೊದಲು. ಬಾಗಿಲ ಕಾವಲಿನವನು ಸಲಾಮು ಹೊಡೆದು ತಮಾಷೆ ಮಾಡಿದ. ಅವಳು ಉತ್ತರ ಕೊಡದೆ ಹೋದದ್ದನ್ನು ಕಂಡು ಅರಾಬಾಳಿಗೆ ಹೆಮ್ಮೆಯಾಯಿತು.

"ಬಾ ಎಕುವಾ, ಕೂತ್ಕೋ. ಅಂತೂ ಬಂದ್ಯಲ್ಲ!" ಅಕ್ರಾಯ್ಡ್ ಎದ್ದು ನಿಂತು ಕೈ ಕುಲುಕಿದರು. "ನಾನು ಎಷ್ಟು ವರ್ಷದಿಂದ ಕಾಯ್ತಿದ್ದೆ ಗೊತ್ತಾ? ಮುಂದಿನ ಸಮಾರಂಭಕ್ಕೆ ಟೀ ಯಾರು ಕೊಡ್ತಾರೆ ಅನ್ನೋದೇ ಈಗ ಯೋಚ್ನೆ."

"ಹೂಂ ಸಾಹೇಬ್ರೇ," ಎಂದಳು ಎಕುವಾ. ಅಷ್ಟೇ ಹೇಳಿದಳು.

ಅರಾಬಾ ಕಾಗದಗಳನ್ನು ಒಂದೊಂದಾಗಿ ಮೇಜಿನ ಮೇಲಿಟ್ಟಳು. ಅರ್ಜಿ, ಪಾಸ್‌ಪೋರ್ಟ್, ಸಂಬಳದ ಚೀಟಿಗಳು, ಪಾದ್ರಿಗಳ ಸಹಿಯಿದ್ದ ಶಿಫಾರಸು, ಮಾತಿನ ಪರೀಕ್ಷೆಯ ಪ್ರಮಾಣ. ಎಲ್ಲಕ್ಕಿಂತ ಕೊನೆಗೆ, ತುಸು ಅಲಕ್ಷ್ಯದಿಂದ ಇಟ್ಟಂತೆ, ಹಲ್‌ನಿಂದ ಬಂದ ತೇರ್ಗಡೆಯ ಪತ್ರ. ಆ ಅಲಕ್ಷ್ಯವನ್ನೂ ಅವಳು ಮನೆಯಲ್ಲಿ ಅಭ್ಯಾಸ ಮಾಡಿದ್ದಳು. ಅಕ್ರಾಯ್ಡ್ ಕನ್ನಡಕ ಏರಿಸಿ ಪುಟ ಪುಟವನ್ನೂ ಬೆರಳಿಟ್ಟು ಓದಿದರು. ಅರ್ಜಿಯ ಸಹಿಯನ್ನು ಪಾಸ್‌ಪೋರ್ಟಿನ ಸಹಿಯ ಪಕ್ಕದಲ್ಲಿ ಹಿಡಿದರು. ಅದು ಎಕುವಾಳದ್ದೇ ಸಹಿ, ಭಯವಿರಲಿಲ್ಲ. ಮೊದಲ ಪುಟಕ್ಕೆ ಮತ್ತೆ ಬಂದು ಏನನ್ನೋ ನೋಡಿ ತಲೆಯಾಡಿಸಿದರು. ಪರೀಕ್ಷೆಯ ಬಗ್ಗೆ ಒಂದು ಮಾತೂ ಕೇಳಲಿಲ್ಲ. ಅರಾಬಾ ಮೇಜಿನ ಕೆಳಗೆ ಬಿಗಿಹಿಡಿದಿದ್ದ ಮುಷ್ಟಿಯನ್ನು ಮೆಲ್ಲಗೆ ಬಿಟ್ಟಳು.

"ಎಲ್ಲಾ ಸರಿಯಾಗಿದೆ, ಇವತ್ತೇ ಕಳಿಸ್ತೀನಿ," ಎಂದು ಅಕ್ರಾಯ್ಡ್ ಕಾಗದಗಳನ್ನು ಜೋಡಿಸಿ, ತೇರ್ಗಡೆಯ ಪತ್ರವೊಂದನ್ನು ಮಾತ್ರ ಬೇರೆ ತೆಗೆದು ಅರಾಬಾಳ ಕೈಗೆ ವಾಪಸು ಕೊಟ್ಟರು. "ಇದೊಂದು ಬೇಕಾಗಿಲ್ಲ. ಜನವರಿಗೆ ನಿಮ್ಮಕ್ಕನಿಗೆ ಅರವತ್ತೈದು ತುಂಬಿದೆಯಲ್ಲ. ಅರವತ್ತೈದು ಆದೋರಿಗೆ ಈ ಪರೀಕ್ಷೆನೇ ಇಲ್ಲ. ಮೊದಲೇ ನನ್ನ ಕೇಳಿದ್ರೆ ಹೇಳ್ತಿದ್ದೆ, ಸುಮ್ನೆ ಅಷ್ಟು ದೂರ ಓಡಾಡೋದು ತಪ್ತಿತ್ತು." ಬ್ರಿಟನ್ನಿನ ಎರಡು ಸಾವಿರ ವರ್ಷದ ಇತಿಹಾಸವನ್ನು ಬಾಯಿಪಾಠ ಮಾಡಿದ್ದ, ಅಕ್ಕ ಹುಟ್ಟಿದ ದಿನವನ್ನೂ ವರ್ಷವನ್ನೂ ಬಾಯಿಪಾಠ ಮಾಡಿದ್ದ ಅರಾಬಾ, ಈ ಒಂದು ನಿಯಮವನ್ನು ಎಲ್ಲಿಯೂ ಓದಿರಲಿಲ್ಲ. ಆದರೂ ಅವಳು ಅಲುಗಾಡಲಿಲ್ಲ. ಪತ್ರವನ್ನು ಮಡಿಸಿ ಚೀಲಕ್ಕೆ ಹಾಕಿದಳು. ಇನ್ನು ಅದನ್ನು ಯಾರೂ ತೆರೆದು ನೋಡುವುದಿಲ್ಲ, ಎದ್ದು ಹೊರಗೆ ಹೋದರೆ ಮುಗಿಯಿತು. ಅನುಮಾನಕ್ಕೆ, ಗದರಿಕೆಗೆ, ಅಡ್ಡಪ್ರಶ್ನೆಗೆ ಅವಳು ಅಕ್ಕನನ್ನು ತಯಾರು ಮಾಡಿದ್ದಳು. ಒಳ್ಳೆಯ ಸುದ್ದಿಗೆ ತಯಾರು ಮಾಡಿರಲಿಲ್ಲ. ಎಕುವಾ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು, ಅವಳ ಕಣ್ಣು ತುಂಬಿ ಬಂತು, ಆಮೇಲೆ ಎರಡು ತಿಂಗಳಿಂದ ಎದೆಯ ಮೇಲಿದ್ದ ಕಲ್ಲು ಇಳಿದವಳಂತೆ ಗಟ್ಟಿಯಾಗಿ ನಕ್ಕುಬಿಟ್ಟಳು. "ಅಯ್ಯೋ ದೇವರೇ! ಕೇಳಿಸ್ಕೊಂಡ್ಯೇನೇ ಅರಾಬಾ? ನಂಗೆ ಪರೀಕ್ಷೆನೇ ಇರಲಿಲ್ವಂತೆ! ಪಾಪ, ನೀನು ಸುಮ್ನೆ ನನ್ನ ವಿಗ್ ಹಾಕ್ಕೊಂಡು ಹಲ್ ತನಕ ಹೋಗಿ ಬಂದ್ಯಲ್ಲೇ!" ಅಕ್ರಾಯ್ಡ್‌ರ ಮುಖದ ಮೇಲಿನ ನಗು ಹಾಗೆಯೇ ಇತ್ತು, ಕಣ್ಣೊಳಗಿನದು ಮಾತ್ರ ನಿಧಾನವಾಗಿ ಆರಿತು. ಅವರು ಅರಾಬಾಳನ್ನು ನೋಡಿದರು, ಅವಳ ಹುಬ್ಬಿನಲ್ಲಿ ಇನ್ನೂ ಪೂರ್ತಿ ಬೆಳೆಯದ ಗೆರೆಯನ್ನು ನೋಡಿದರು, ಜೋಡಿಸಿಟ್ಟ ಅರ್ಜಿಯ ಮೇಲೆ ಒಂದು ಕೈಯಿಟ್ಟು ಇನ್ನೊಂದನ್ನು ಮೇಜಿನಾಚೆಗೆ ಚಾಚಿದರು. "ಆ ಕಾಗದ ಸ್ವಲ್ಪ ಈ ಕಡೆ ಕೊಡಮ್ಮ," ಎಂದರು.